ಊಟದ ಪಂಕ್ತಿಯೇ ಮೊದಲ ತರಗತಿ

ಸುಲ್ತಾನ್‌ಪೇಟೆಯ ಕಾಗದದಂಗಡಿಗಳ ಸಾಲಿನಿಂದ ಹೊರಟು, ಬಳೇಪೇಟೆಯನ್ನು ಹಾದು, ತುಳಸಿತೋಟದ ಮಗ್ಗುಲಲ್ಲಿ ಸಾಗಿದರೆ ಕಾಲು ಗಂಟೆಯೊಳಗೆ ನಗರ ರೈಲು ನಿಲ್ದಾಣದ ಎದುರಿಗೆ ಬಂದು ನಿಲ್ಲುತ್ತೇವೆ. ನಾಲ್ಕೈದು ತಲೆಮಾರುಗಳ ವಿದ್ಯಾರ್ಥಿಗಳು ಇದೇ ದಾರಿಯನ್ನು ತಿರುವುಮುರುವಾಗಿ ತುಳಿದಿದ್ದಾರೆ. ರೈಲಿನಿಂದ ಇಳಿದು, ತಗಡಿನ ಪೆಟ್ಟಿಗೆಯನ್ನು ಹೆಗಲ ಮೇಲಿರಿಸಿಕೊಂಡು, ಕೈಯಲ್ಲೊಂದು ವಿಳಾಸದ ಚೀಟಿ ಹಿಡಿದು ಪೇಟೆಯೊಳಕ್ಕೆ ಕಾಲಿರಿಸಿದ ಹಳ್ಳಿಯ ಹುಡುಗರವರು. ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಆದರೆ ಇರುಳು ಮಲಗುವುದೆಲ್ಲಿ, ನಾಳೆ ಉಣ್ಣುವುದೆಲ್ಲಿ ಎಂಬುದು ತಿಳಿದಿಲ್ಲ. ಬೆಂಗಳೂರಿನ ಉನ್ನತ ಶಿಕ್ಷಣದ ಚರಿತ್ರೆಯನ್ನು ಬರೆದವರು ಕಾಲೇಜುಗಳ ಕಟ್ಟಡಗಳನ್ನೂ ಪ್ರಾಂಶುಪಾಲರನ್ನೂ ವಿಸ್ತಾರವಾಗಿ ಸ್ಮರಿಸಿದ್ದಾರೆ. ಈ ಹುಡುಗ ಆ ರಾತ್ರಿ ಎಲ್ಲಿ ಮಲಗಿದನೆಂಬ ಪ್ರಶ್ನೆ ಮಾತ್ರ ಅಡಿಟಿಪ್ಪಣಿಯಾಗಿಯೇ ಉಳಿದಿದೆ.

ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಕಳೆದ ಮೂರು ದಶಕಗಳಿಂದ ‘ಲಿವಿಂಗ್-ಲರ್ನಿಂಗ್ ಕಮ್ಯುನಿಟಿ’ ಎಂಬ ಮಾತು ಬಹಳವಾಗಿ ಕೇಳಿಬರುತ್ತಿದೆ. ಕೂಡಿ ಬಾಳುತ್ತ ಕೂಡಿ ಕಲಿಯುವ ಕೂಟ ಎಂದು ನಾವು ಅದನ್ನು ಕರೆಯಬಹುದು. ಮೊದಲ ವರ್ಷಕ್ಕೆ ಸೇರಿದ ವಿದ್ಯಾರ್ಥಿಗಳನ್ನು ವಿದ್ಯಾರ್ಥಿನಿಲಯದ ಒಂದೇ ಅಂತಸ್ತಿನಲ್ಲಿ ಇರಿಸುವುದು, ಅವರಿಗೆ ಕೆಲವು ಪಾಠಗಳನ್ನು ಸಮಾನವಾಗಿ ಏರ್ಪಡಿಸುವುದು, ಅಧ್ಯಾಪಕರೊಬ್ಬರು ಅಲ್ಲಿಯೇ ವಾಸವಿದ್ದು ಊಟ-ಮಾತುಕತೆಗಳಲ್ಲಿ ಜೊತೆಗೂಡುವುದು, ಇವು ಅದರ ಲಕ್ಷಣಗಳು. ಇದನ್ನು ಓದಿದಾಗ ನಮ್ಮ ಊರಿನ ಹಳೆಯ ವಿದ್ಯಾರ್ಥಿನಿಲಯಗಳು ನೆನಪಾಗುವುದು ಸಹಜ. ನಮ್ಮಲ್ಲಿಯೂ ಇದು ಇತ್ತೇ? ಇದ್ದರೆ ಯಾವ ರೂಪದಲ್ಲಿತ್ತು? ಅದರಿಂದ ಯಾರಿಗೆ ಏನು ದಕ್ಕಿತು, ಏನು ದಕ್ಕದೆ ಹೋಯಿತು? ಈ ಪ್ರಬಂಧದ ವಿಷಯ ಇಷ್ಟೇ.

ಮೊದಲ ವರ್ಷವೆಂಬ ಹೊಳೆ

ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಕಾಲೇಜಿನ ಮೊದಲ ವರ್ಷವೆಂದರೆ ಮಳೆಗಾಲದ ಹೊಳೆಯಿದ್ದಂತೆ. ದಾಟಿದವನು ಮುಂದೆ ಹೇಗೋ ನಡೆದುಹೋಗುತ್ತಾನೆ. ಕೊಚ್ಚಿಹೋದವನು ಊರಿಗೆ ಮರಳಿ ನೇಗಿಲು ಹಿಡಿಯುತ್ತಾನೆ. ಅಧ್ಯಾಪಕ ವೃತ್ತಿಯಲ್ಲಿ ನಾನು ಇದನ್ನು ಅನೇಕ ಬಾರಿ ಕಂಡಿದ್ದೇನೆ. ಹತ್ತನೆಯ ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗ ಕಾಲೇಜು ಸೇರಿದ ಆರೇ ತಿಂಗಳಲ್ಲಿ ಮಂಕಾಗಿಬಿಡುತ್ತಿದ್ದ. ಬುದ್ಧಿ ಎಲ್ಲಿಯೂ ಹೋಗಿರುತ್ತಿರಲಿಲ್ಲ. ಕನ್ನಡದಲ್ಲಿ ಕಲಿತ ತ್ರಿಕೋನಮಿತಿಯೂ ರಸಾಯನಶಾಸ್ತ್ರವೂ ರಾತ್ರಿ ಬೆಳಗಾಗುವುದರೊಳಗೆ ಇಂಗ್ಲಿಷಾಗಿ ಮಾರ್ಪಟ್ಟಿರುತ್ತಿದ್ದವು. ಕೇಳೋಣವೆಂದರೆ ಮೇಷ್ಟರು ಗಂಟೆ ಬಾರಿಸಿದೊಡನೆ ಹೊರಟುಹೋಗುತ್ತಿದ್ದರು. ಕೋಣೆಗೆ ಮರಳಿದರೆ ಮಾತನಾಡಿಸುವವರಿಲ್ಲ. ಕೈಯಲ್ಲಿನ ಕಾಸು ತಿಂಗಳ ಮೂರನೆಯ ವಾರಕ್ಕೇ ಮುಗಿಯುತ್ತಿತ್ತು.

ಇಂಥ ಹುಡುಗನನ್ನು ಹೊಳೆ ದಾಟಿಸಲು ಮೂರು ಸಂಗತಿಗಳು ಬೇಕು: ಹೊತ್ತಿಗೆ ಸರಿಯಾಗಿ ಅನ್ನ, ಓದಲು ದೀಪ, ಕೇಳಿದರೆ ಹೇಳಿಕೊಡುವ ಒಬ್ಬ ಹಿರಿಯ. ಮೊದಲ ಎರಡನ್ನು ಹಣದಿಂದ ಒದಗಿಸಬಹುದು. ಮೂರನೆಯದು ಒಟ್ಟಿಗೆ ವಾಸಿಸುವುದರಿಂದ ಮಾತ್ರ ದೊರೆಯುವಂಥದು.

ಈ ತಿಳಿವು ಕನ್ನಡ ನಾಡಿಗೆ ಹೊಸದಲ್ಲ. ಇಂದಿನ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯ ವಿಚಾರ ಕ್ರಿ.ಶ. 945ರ ಶಾಸನದಲ್ಲಿದೆ. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದವೆಂದೂ ದೀಪದ ಖರ್ಚಿಗಾಗಿಯೇ 12 ನಿವರ್ತನ ಭೂಮಿಯನ್ನು ಬಿಟ್ಟಿದ್ದರೆಂದೂ ಅದರಿಂದ ತಿಳಿಯುತ್ತದೆ. ಶಾಲೆಗೆ ಮನೆಯನ್ನೂ ಮನೆಗೆ ದೀಪವನ್ನೂ ಜೋಡಿಸಿದ ಆ ಮಂತ್ರಿಯ ದೂರದೃಷ್ಟಿ ಮೆಚ್ಚತಕ್ಕದ್ದು. ಆದರೆ ಆ 27 ಮನೆಗಳ ಬಾಗಿಲು ವೇದಾಧ್ಯಯನಕ್ಕೆ ಅಧಿಕಾರವುಳ್ಳವರೆನಿಸಿಕೊಂಡವರಿಗೆ ಮಾತ್ರ ತೆರೆದಿತ್ತು ಎಂಬುದನ್ನೂ ಮರೆಯಲಾಗದು. ಒಂದು ಸಾವಿರ ವರ್ಷಗಳ ತರುವಾಯ ಬೆಂಗಳೂರಿನಲ್ಲಿ ಇದೇ ಪ್ರಶ್ನೆ ಹೊಸ ವೇಷದಲ್ಲಿ ಎದುರಾಯಿತು.

ಏಳು ಮನೆ, ಏಳು ದಿನ

ಬೆಂಗಳೂರಿನಲ್ಲಿ ಇಂಗ್ಲಿಷ್ ಉನ್ನತ ಶಿಕ್ಷಣದ ಬೇರು 1858ರಲ್ಲಿ ಆರಂಭವಾದ ಸರ್ಕಾರಿ ಹೈಸ್ಕೂಲಿನಲ್ಲಿದೆ. ಮುಂದೆ ಅದೇ ಸೆಂಟ್ರಲ್ ಕಾಲೇಜಾಯಿತು. ಮೊದಲು ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ಅಂಗವಾಯಿತು. 1880ರ ದಶಕದಲ್ಲಿ ಮೈಸೂರು, ತುಮಕೂರುಗಳ ಕಡೆಗೆ ರೈಲು ಹಾದಿ ತೆರೆದ ಮೇಲೆ ದೂರದ ತಾಲ್ಲೂಕುಗಳ ಹುಡುಗರೂ ಕಾಲೇಜಿನ ಕನಸು ಕಾಣತೊಡಗಿದರು. ಕನಸಿಗೆ ರೈಲು ಸಿಕ್ಕಿತು, ಸೂರು ಸಿಗಲಿಲ್ಲ.

ಸೂರಿಲ್ಲದವರಿಗೆ ಆಗ ಇದ್ದದ್ದು ಎರಡು ಮಾರ್ಗಗಳು. ಒಂದು, ಉಳ್ಳವರ ಮನೆಯ ಮಕ್ಕಳಿಗೆ ಪಾಠ ಹೇಳಿ ಅಲ್ಲಿಯೇ ತಂಗುವುದು. ಸರ್ ಎಂ. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ, ಊಟಕ್ಕೆ ಸೋದರಮಾವನ ಮನೆಗೆ ನಡೆದು ಹೋಗಿಬರುತ್ತಿದ್ದುದು ಪ್ರಸಿದ್ಧ. 1881ರಲ್ಲಿ ಅವರು ಬಿ.ಎ. ತೇರ್ಗಡೆಯಾದದ್ದು ಹೀಗೆ ಎರಡು ಮನೆಗಳ ನಡುವೆ ನಡೆದಾಡಿಯೇ.

ಇನ್ನೊಂದು ಮಾರ್ಗ ವಾರಾನ್ನ. ಇಂದಿನ ಮಕ್ಕಳಿಗೆ ಈ ಪದವೇ ಅಪರಿಚಿತವಾದುದರಿಂದ ಸ್ವಲ್ಪ ವಿವರಿಸಬೇಕು. ಬಡ ವಿದ್ಯಾರ್ಥಿಯು ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆಯಾ ವಾರ ಆಯಾ ಮನೆಯಲ್ಲಿ ಅವನ ಎಲೆ. ಏಳು ಮನೆ ಸಿಕ್ಕಿದವನು ಭಾಗ್ಯವಂತ. ಐದೇ ಸಿಕ್ಕಿದವನಿಗೆ ವಾರದಲ್ಲಿ ಎರಡು ದಿನ ಏಕಾದಶಿ. ಮನೆಯಾಕೆ ತವರಿಗೆ ಹೋದರೆ, ಮನೆಯಲ್ಲಿ ಸೂತಕವಾದರೆ ಆ ವಾರವೂ ಉಪವಾಸ. ಪ್ರತಿಯಾಗಿ ಹುಡುಗನು ಅಂಗಡಿಯಿಂದ ಸಾಮಾನು ತರುವುದು, ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು, ಹಬ್ಬದ ದಿನ ನೀರು ಸೇದುವುದು ಮೊದಲಾದ ಕೆಲಸಗಳನ್ನು ಮಾಡುತ್ತಿದ್ದ. ಕೆಲವು ತಾಯಂದಿರು ಸ್ವಂತ ಮಗನಿಗಿಂತ ಮೊದಲು ವಾರದ ಹುಡುಗನಿಗೆ ತುಪ್ಪ ಬಡಿಸುತ್ತಿದ್ದರು. ಕೆಲವು ಮನೆಗಳಲ್ಲಿ ಬಡಿಸುವ ಕೈ ಸ್ವಲ್ಪ ಮೇಲಕ್ಕೇ ನಿಲ್ಲುತ್ತಿತ್ತು. ಒಂದೇ ವಾರದಲ್ಲಿ ಔದಾರ್ಯವನ್ನೂ ಅವಮಾನವನ್ನೂ ಉಂಡವರು ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮಂದಿ ವಿದ್ವಾಂಸರು.

ವಾರಾನ್ನವು ಮಾನವೀಯವಾದ ಪದ್ಧತಿಯೇ ಹೌದು. ಆದರೆ ಅದಕ್ಕೊಂದು ಮಿತಿಯಿತ್ತು. ಎಲೆ ಹಾಕುವ ಮುನ್ನ ಕುಲ ಕೇಳುವ ಕಾಲ ಅದು. ಬ್ರಾಹ್ಮಣರ ಹುಡುಗನಿಗೆ ಪೇಟೆಯಲ್ಲಿಯೂ, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ಬಾಗಿಲು ತೆರೆಯುವ ಮನೆಗಳಿದ್ದವು. ಮಾಗಡಿಯ ಒಕ್ಕಲಿಗರ ಹುಡುಗನಿಗೆ, ಗುಬ್ಬಿಯ ಲಿಂಗಾಯತರ ಹುಡುಗನಿಗೆ, ಕೋಲಾರದ ಕುರುಬರ ಹುಡುಗನಿಗೆ ಅಂಥ ಏಳು ಮನೆಗಳು ಸುಲಭವಾಗಿ ಸಿಗುತ್ತಿರಲಿಲ್ಲ. ದಲಿತರ ಹುಡುಗನಿಗೆ ಒಂದೂ ಇರಲಿಲ್ಲ. ಯಾರಿಗೆ ಊಟದ ಮನೆಯಿತ್ತೋ ಅವರಿಗೆ ಕಾಲೇಜು. ಕಾಲೇಜು ಮುಗಿಸಿದವರಿಗೆ ಸರ್ಕಾರದ ಹುದ್ದೆ. ಮೈಸೂರು ಸಂಸ್ಥಾನದಲ್ಲಿ ಒಂದು ಸಮುದಾಯದವರೇ ಹುದ್ದೆಗಳಲ್ಲಿ ಹೆಚ್ಚಾಗಿದ್ದುದಕ್ಕೆ ಕಾರಣ ಹುಡುಕುವವರು ಪರೀಕ್ಷೆಯ ಫಲಿತಾಂಶಗಳ ಜೊತೆಗೆ ಅಡುಗೆಮನೆಗಳ ಕಡೆಗೂ ನೋಡಬೇಕಾಗುತ್ತದೆ.

ಛತ್ರದ ಮಗ್ಗುಲಲ್ಲಿ ವಿದ್ಯಾರ್ಥಿನಿಲಯ

ಈ ಕೊರತೆಯನ್ನು ತುಂಬಲು ಮೊದಲು ಮುಂದಾದವರಲ್ಲಿ ಒಬ್ಬರು ನಮ್ಮ ಪೇಟೆಯ ವರ್ತಕರೇ ಎಂಬುದು ಹೆಮ್ಮೆಯ ಸಂಗತಿ. 1838ರಲ್ಲಿ ಜನಿಸಿದ ಗುಬ್ಬಿ ತೋಟದಪ್ಪನವರು ಸುಲ್ತಾನ್‌ಪೇಟೆಗೆ ಕೂಗಳತೆಯ ಮಾಮೂಲ್‌ಪೇಟೆಯಲ್ಲಿ ಅಂಗಡಿ ನಡೆಸುತ್ತಿದ್ದವರು. ವ್ಯಾಪಾರದಲ್ಲಿ ಗಳಿಸಿದ್ದನ್ನು ಧರ್ಮಕ್ಕೆ ಮುಡಿಪಾಗಿರಿಸಲು ನಿಶ್ಚಯಿಸಿ, 1897ರಲ್ಲಿ ರೈಲು ನಿಲ್ದಾಣದ ಸಮೀಪದಲ್ಲಿ ನಿವೇಶನ ಪಡೆದರು. ಅಲ್ಲಿ ಕಟ್ಟಿಸಿದ ಧರ್ಮಛತ್ರವು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಉದ್ಘಾಟನೆಗೊಂಡಿತು. ಮಹಾರಾಜರಿಂದ ‘ಧರ್ಮಪ್ರವರ್ತ’ ಎಂಬ ಬಿರುದೂ ಬ್ರಿಟಿಷ್ ಸರ್ಕಾರದಿಂದ ‘ರಾವ್ ಬಹದ್ದೂರ್’ ಪದವಿಯೂ ಅವರಿಗೆ ಸಂದವು. 1910ರಲ್ಲಿ ಕಾಲವಾಗುವ ಮೊದಲು ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಒಪ್ಪಿಸಿ, ಅದರ ಹೊಣೆಯನ್ನು ಕೆ.ಪಿ. ಪುಟ್ಟಣ್ಣಚೆಟ್ಟರಂಥ ಸಾರ್ವಜನಿಕ ಧುರೀಣರ ಕೈಗೆ ವಹಿಸಿದರು. ಪುರಭವನಕ್ಕೆ ಹೆಸರಿರುವುದು ಇದೇ ಪುಟ್ಟಣ್ಣಚೆಟ್ಟರದು.

ಛತ್ರದ ಜೊತೆಗೆ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ಉಚಿತ ವಿದ್ಯಾರ್ಥಿನಿಲಯವೂ ಬೆಳೆಯಿತು. ಛತ್ರವೆಂದರೆ ದಾರಿಹೋಕರ ತಂಗುದಾಣ; ಮೂರು ದಿನ ಇದ್ದು ಹೋಗುವವರಿಗೆ. ಓದುವ ಹುಡುಗನೂ ಒಂದು ಬಗೆಯ ದಾರಿಹೋಕನೇ, ಆದರೆ ಅವನ ದಾರಿ ಮೂರು ವರ್ಷದ್ದು. ನಮ್ಮ ನಾಡಿನ ಛತ್ರ-ದಾಸೋಹಗಳ ಹಳೆಯ ಸಂಪ್ರದಾಯಕ್ಕೆ ಆಧುನಿಕ ವಿದ್ಯೆಯ ಹೊಸ ಅಗತ್ಯ ಬಂದು ಕೂಡಿದಾಗ ಹುಟ್ಟಿದ್ದು ವಿದ್ಯಾರ್ಥಿನಿಲಯ. ಆಕ್ಸ್‌ಫರ್ಡಿನ ಕಾಲೇಜುಗಳ ಮೂಲ ಕ್ರೈಸ್ತ ಮಠದ ಶಿಸ್ತಿನಲ್ಲಿದ್ದರೆ ನಮ್ಮ ಹಾಸ್ಟೆಲ್ಲಿನ ಮೂಲ ಅನ್ನಸತ್ರದಲ್ಲಿದೆ. ಆದ್ದರಿಂದಲೇ ಅದು ಮೊದಲು ಯೋಚಿಸಿದ್ದು ಹೊಟ್ಟೆಯನ್ನು ಕುರಿತು; ಕಲಿಕೆಯು ಅದರ ಹಿಂದೆ ತಾನಾಗಿ ಬಂತು.

ಈ ನಿಲಯದಲ್ಲಿದ್ದು 1920ರ ದಶಕದ ಕೊನೆಯಲ್ಲಿ ಸೆಂಟ್ರಲ್ ಕಾಲೇಜಿಗೆ ಹೋಗುತ್ತಿದ್ದ ವಿದ್ಯಾರ್ಥಿಯೊಬ್ಬರು 1930ರಲ್ಲಿ ಸನ್ಯಾಸ ಸ್ವೀಕರಿಸಿದರು. ಅವರೇ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು. 2019ರಲ್ಲಿ ಲಿಂಗೈಕ್ಯರಾಗುವವರೆಗಿನ ಅವರ ದೀರ್ಘ ಜೀವನದಲ್ಲಿ ಸಾವಿರಾರು ಮಕ್ಕಳು ಮಠದ ಪಂಕ್ತಿಯಲ್ಲಿ ಉಂಡು ಓದಿದರು, ಮತ್ತು ಅಲ್ಲಿ ಜಾತಿ-ಮತಗಳ ತಡೆಯಿರಲಿಲ್ಲ. ಒಂದು ಸಮುದಾಯಕ್ಕೆಂದು ಏರ್ಪಟ್ಟ ನಿಲಯದಲ್ಲಿ ಉಂಡವರು ಎಲ್ಲ ಸಮುದಾಯಗಳಿಗೂ ಉಣಬಡಿಸಿದರು. ನಮ್ಮ ವಿದ್ಯಾರ್ಥಿನಿಲಯಗಳ ಇತಿಹಾಸದ ಶಕ್ತಿಯೂ ಮಿತಿಯೂ ಈ ಒಂದು ನಿದರ್ಶನದಲ್ಲಿ ಅಡಗಿವೆ.

ಸಂಘಗಳ ಕಾಲ

1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆಯೂ 1906ರಲ್ಲಿ ಒಕ್ಕಲಿಗರ ಸಂಘವೂ ಸ್ಥಾಪನೆಯಾದವು. ಬೇರೆ ಬೇರೆ ಸಮುದಾಯಗಳು ಅದೇ ದಾರಿ ಹಿಡಿದವು. ಸಂಘ ಕಟ್ಟಿದೊಡನೆ ಅದರ ಮೊದಲ ಠರಾವು ಹೆಚ್ಚಾಗಿ ವಿದ್ಯಾರ್ಥಿನಿಲಯದ್ದೇ ಆಗಿರುತ್ತಿತ್ತು. 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ದೊರೆಯಬೇಕೆಂದು ಮರುವರ್ಷ ವರದಿ ಕೊಟ್ಟಿತು. ಹುದ್ದೆಗೆ ಪದವಿ ಬೇಕು, ಪದವಿಗೆ ಪಟ್ಟಣವಾಸ ಬೇಕು, ಪಟ್ಟಣವಾಸಕ್ಕೆ ನಿಲಯ ಬೇಕು. ಈ ಸರಪಣಿಯ ಮೊದಲ ಕೊಂಡಿಯನ್ನು ಸಂಘಗಳು ಬೆಸೆದವು. ರಾಗಿ ಬೆಳೆದ ರೈತರೂ ಪೇಟೆಯ ವರ್ತಕರೂ ಕೊಟ್ಟ ಚಂದಾ ಹಣದಿಂದ ಕಟ್ಟಡಗಳೆದ್ದವು.

ಹೆಣ್ಣುಮಕ್ಕಳ ಸರದಿ ಬಂದದ್ದು ಬಹಳ ತಡವಾಗಿ. ಬೆಂಗಳೂರಿನಲ್ಲಿ ಮಹಾರಾಣಿ ಕಾಲೇಜು ಪ್ರಾರಂಭವಾದದ್ದೇ 1938ರಲ್ಲಿ. ನಗರದಲ್ಲಿ ನೆಂಟರಿಲ್ಲದ ಹೆಣ್ಣುಮಗಳಿಗೆ ಅಲ್ಲಿಯವರೆಗೆ ಮಾತ್ರವಲ್ಲ, ಅನಂತರವೂ ಬಹುಕಾಲ ಕಾಲೇಜು ಕೈಗೆಟುಕದ ಹಣ್ಣಾಗಿಯೇ ಇತ್ತು. ಹುಡುಗ ಛತ್ರದ ಜಗಲಿಯಲ್ಲಾದರೂ ಮಲಗಬಹುದಿತ್ತು. ಹುಡುಗಿಗೆ ಜಗಲಿಯೂ ಇರಲಿಲ್ಲ.

ದಲಿತ ಮಕ್ಕಳ ದಾರಿ ಎಲ್ಲಕ್ಕಿಂತ ಕಠಿನವಾದುದು. 1910ರ ದಶಕದಲ್ಲಿ ಸರ್ಕಾರಿ ಶಾಲೆಗಳಲ್ಲಿ ಅವರ ಪ್ರವೇಶಕ್ಕೇ ಸಂಸ್ಥಾನದಲ್ಲಿ ಪ್ರತಿಭಟನೆಗಳಾದವು. ಅಸ್ಪೃಶ್ಯತಾ ನಿವಾರಣೆಗಾಗಿ ದುಡಿದ ಗೋಪಾಲಸ್ವಾಮಿ ಅಯ್ಯರ್ ಅವರು 1930ರಲ್ಲಿ ದೀನ ಸೇವಾ ಸಂಘವನ್ನು ಸ್ಥಾಪಿಸಿ ಶೇಷಾದ್ರಿಪುರದ ಸುತ್ತಣ ಬಡವರ ಕೇರಿಗಳ ಮಕ್ಕಳಿಗೆ ವಿದ್ಯೆಯ ಏರ್ಪಾಡು ಮಾಡಿದರು. ಅವರ ಹೆಸರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ನಗರದ ದಲಿತ ವಿದ್ಯಾರ್ಥಿಗಳ ದೊಡ್ಡ ಆಸರೆಯಾಯಿತು. ಕವಿ ಸಿದ್ಧಲಿಂಗಯ್ಯನವರು ವಿದ್ಯಾರ್ಥಿ ದೆಸೆಯಲ್ಲಿ ಇದ್ದದ್ದು ಇಲ್ಲಿಯೇ. ತಮ್ಮ ಆತ್ಮಕಥೆ ‘ಊರು ಕೇರಿ’ಯಲ್ಲಿ ಅವರು ಈ ನಿಲಯದ ದಿನಗಳನ್ನು ಅಳುಕಿಲ್ಲದೆ, ನಗುನಗುತ್ತ ಬರೆದಿದ್ದಾರೆ. 1973ರ ಕೊನೆಯಲ್ಲಿ ಸಚಿವ ಬಿ. ಬಸವಲಿಂಗಪ್ಪನವರ ಮಾತಿನಿಂದ ‘ಬೂಸಾ’ ಗಲಭೆಯೆದ್ದಾಗ ಹಾಸ್ಟೆಲುಗಳ ದಲಿತ ವಿದ್ಯಾರ್ಥಿಗಳು ಹಲ್ಲೆಗೆ ಗುರಿಯಾದರು. ಅವರು ಒಗ್ಗೂಡಿದ್ದೂ ಹಾಸ್ಟೆಲುಗಳಲ್ಲಿಯೇ. ಕರ್ನಾಟಕದ ದಲಿತ ಚಳವಳಿಗೆ, ದಲಿತ ಕಾವ್ಯಕ್ಕೆ ಹಾಸ್ಟೆಲ್ಲಿನ ಕೋಣೆ ತೊಟ್ಟಿಲಾಯಿತು. ಕೂಡಿ ಬಾಳುವುದರಿಂದ ಕಲಿಯುವುದು ಎಂಬ ಮಾತಿಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಹುದ್ದೆಯ ಅಧಿಕಾರದಿಂದ ಈ ಕೆಲಸವನ್ನು ವಿಸ್ತರಿಸಿದವರು ಡಿ. ದೇವರಾಜ ಅರಸು. ಅವರೇ ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಬೆಳೆದು ಅನಂತರ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಅವರ ಸರ್ಕಾರ ನೇಮಿಸಿದ ಎಲ್.ಜಿ. ಹಾವನೂರರ ಆಯೋಗ 1975ರಲ್ಲಿ ವರದಿ ಸಲ್ಲಿಸಿತು. ಮುಂದೆ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆ ಏರ್ಪಟ್ಟು ತಾಲ್ಲೂಕು ತಾಲ್ಲೂಕುಗಳಲ್ಲಿ ಸರ್ಕಾರಿ ಹಾಸ್ಟೆಲುಗಳು ಹರಡಿದವು. ಸಂಘಗಳ ನಿಲಯದಲ್ಲಿ ಒಂದು ಜಾತಿ. ಸರ್ಕಾರದ ಈ ನಿಲಯಗಳಲ್ಲಿ ಹಲವು ಜಾತಿಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತರು. ಗದ್ದಲವಿಲ್ಲದೆ ನಡೆದ ದೊಡ್ಡ ಬದಲಾವಣೆ ಇದು.

ಹಾಸ್ಟೆಲ್ಲಿನ ಪಠ್ಯಕ್ರಮ

ಈ ನಿಲಯಗಳಲ್ಲಿ ಮೊದಲ ವರ್ಷದ ಹುಡುಗ ಏನು ಕಲಿಯುತ್ತಿದ್ದ? ಯಾವ ಸುತ್ತೋಲೆಯಲ್ಲಿಯೂ ಬರೆದಿಡದ ಪಠ್ಯಕ್ರಮವೊಂದು ಅಲ್ಲಿ ನಡೆಯುತ್ತಿತ್ತು.

ಮೊದಲನೆಯದು ಪುಸ್ತಕ. ಎರಡನೆಯ ವರ್ಷಕ್ಕೆ ತೇರ್ಗಡೆಯಾದವನು ತನ್ನ ಪುಸ್ತಕಗಳನ್ನೂ ಟಿಪ್ಪಣಿಗಳನ್ನೂ ಕಿರಿಯನಿಗೆ ದಾಟಿಸುತ್ತಿದ್ದ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಕನ್ನಡ ಅರ್ಥಗಳೂ ಜೊತೆಗೆ ಬರುತ್ತಿದ್ದವು. ಹಲವು ವರ್ಷ, ಹಲವು ಕೈ ದಾಟಿ ಬಂದ ಪುಸ್ತಕವೆಂದರೆ ಹಲವು ಮೇಷ್ಟರ ಪಾಠ.

ಎರಡನೆಯದು ಇಂಗ್ಲಿಷ್. ಪ್ರಾಧ್ಯಾಪಕರ ಉಪನ್ಯಾಸದಲ್ಲಿ ಅರ್ಧಂಬರ್ಧ ಅರ್ಥವಾದದ್ದನ್ನು ರಾತ್ರಿ ಊಟದ ಮೇಲೆ ಹಿರಿಯ ವಿದ್ಯಾರ್ಥಿಯೊಬ್ಬ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ‘ಅಣ್ಣಾ, ಇದೊಂದು ಲೆಕ್ಕ’ ಎಂದು ಕೇಳಲು ಸಂಕೋಚವಿಲ್ಲ. ತರಗತಿಯಲ್ಲಿ ಎದ್ದು ನಿಂತು ಕೇಳಲು ಎದೆಗಾರಿಕೆ ಬೇಕು, ಚಾಪೆಯ ಮೇಲೆ ಕುಳಿತು ಕೇಳಲು ಬೇಡ.

ಮೂರನೆಯದು ಲೆಕ್ಕಾಚಾರ. ಹಲವು ನಿಲಯಗಳಲ್ಲಿ ಅಡುಗೆಮನೆಯ ಆಡಳಿತ ವಿದ್ಯಾರ್ಥಿಗಳದೇ. ತಿಂಗಳಿಗೊಬ್ಬನನ್ನು ಮೆಸ್ ಕಾರ್ಯದರ್ಶಿಯಾಗಿ ಆರಿಸುತ್ತಿದ್ದರು. ಅವನು ಸಿಟಿ ಮಾರುಕಟ್ಟೆಗೆ ಹೋಗಿ ತರಕಾರಿ ಚೌಕಾಸಿ ಮಾಡಬೇಕು, ಅಕ್ಕಿ-ಬೇಳೆಯ ದಾಸ್ತಾನು ಬರೆದಿಡಬೇಕು, ತಿಂಗಳ ಕೊನೆಗೆ ಒಟ್ಟು ಖರ್ಚನ್ನು ತಲೆಗಳ ಮೇಲೆ ಹಂಚಬೇಕು. ಇದಕ್ಕೆ ‘ಡಿವೈಡಿಂಗ್ ಪದ್ಧತಿ’ ಎಂದು ಹೆಸರು. ಸಾರು ತೆಳುವಾದರೆ ಪ್ರಶ್ನೆ, ಬಿಲ್ಲು ದಪ್ಪವಾದರೆ ಇನ್ನೂ ದೊಡ್ಡ ಪ್ರಶ್ನೆ. ಸಾರ್ವಜನಿಕರ ಹಣಕ್ಕೆ ಉತ್ತರ ಹೇಳುವ ಅಭ್ಯಾಸ ಶುರುವಾಗುತ್ತಿದ್ದದ್ದು ಹೀಗೆ. ಮುಂದೆ ಶಾಸಕರೋ ಮುನಿಸಿಪಲ್ ಸದಸ್ಯರೋ ಆದ ಎಷ್ಟೋ ಮಂದಿ ಮೊದಲ ಚುನಾವಣೆ ಗೆದ್ದದ್ದು ಊಟದ ಹಜಾರದಲ್ಲಿ.

ನಾಲ್ಕನೆಯದನ್ನು ಹೆಸರಿಸುವುದು ಕಷ್ಟ. ಜ್ವರ ಬಂದಾಗ ಪಕ್ಕದ ಚಾಪೆಯವನು ಗಂಜಿ ತಂದುಕೊಡುವುದು. ಊರಿನಿಂದ ಮನಿಯಾರ್ಡರ್ ತಡವಾದಾಗ ಪರೀಕ್ಷೆಯ ಶುಲ್ಕಕ್ಕೆ ನಾಲ್ವರು ಸೇರಿ ಹಣ ಹೊಂದಿಸುವುದು. ಊರಿಗೆ ಹಿಂತಿರುಗುತ್ತೇನೆಂದು ಪೆಟ್ಟಿಗೆ ಕಟ್ಟಿದವನನ್ನು ರಾತ್ರಿಯಿಡೀ ಮಾತನಾಡಿಸಿ ಉಳಿಸಿಕೊಳ್ಳುವುದು. ಇದಾವುದಕ್ಕೂ ಅಂಕಗಳಿಲ್ಲ. ಆದರೆ ಮೊದಲ ವರ್ಷದ ಹೊಳೆಯನ್ನು ದಾಟಿಸಿದ ಹರಿಗೋಲು ಇದೇ.

ಇಷ್ಟು ಹೇಳಿದ ಮೇಲೆ ಕೊರತೆಯನ್ನೂ ಹೇಳಲೇಬೇಕು. ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು ಸಂಜೆಯಾದೊಡನೆ ತಂತಮ್ಮ ಜಾತಿಯ ನಿಲಯಗಳಿಗೆ ಚದುರುತ್ತಿದ್ದರು. ಗೌರವ, ನಂಬಿಕೆ, ಹಾಸ್ಯ, ಗುಟ್ಟು ಇವೆಲ್ಲವೂ ಬೆಳೆಯುವುದು ಸಂಜೆಯ ನಂತರ. ಆ ಹೊತ್ತಿನಲ್ಲಿ ಒಬ್ಬನು ಇನ್ನೊಬ್ಬನಿಗೆ ಅಪರಿಚಿತ. ತನ್ನವರ ನಡುವೆ ಧೈರ್ಯ ಕಲಿತ ಹುಡುಗ ಇತರರನ್ನು ಅರಿಯುವ ಅವಕಾಶದಿಂದ ವಂಚಿತನಾದ. ಜಾತಿಯ ನಿಲಯಗಳಿಲ್ಲದಿದ್ದರೆ ಆ ಮಕ್ಕಳಿಗೆ ವಿದ್ಯೆಯೇ ಇರುತ್ತಿರಲಿಲ್ಲ ಎಂಬುದು ನಿಜ. ಆ ನಿಲಯಗಳಿಂದ ಜಾತಿಯ ಗೋಡೆ ಇನ್ನೊಂದು ಸಾಲು ಮೇಲೇರಿತು ಎಂಬುದೂ ನಿಜ. ಇತಿಹಾಸ ಈ ಎರಡು ಸತ್ಯಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಲು ಬಿಡುವುದಿಲ್ಲ.

ಹಾಸ್ಟೆಲ್ಲಿನಲ್ಲೊಬ್ಬ ಮೇಷ್ಟರು

ಕೂಡಿ ಕಲಿಯುವ ಕೂಟಕ್ಕೆ ಅಧ್ಯಾಪಕರೂ ಜೊತೆಗಿರಬೇಕೆಂಬ ವಿಚಾರವನ್ನು ಅಮೆರಿಕದಲ್ಲಿ ಪ್ರಯೋಗಿಸಿದವರಲ್ಲಿ ಅಲೆಕ್ಸಾಂಡರ್ ಮೈಕಲ್‌ಜಾನ್ ಮುಖ್ಯರು. 1927ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಅವರು ಆರಂಭಿಸಿದ ಪ್ರಾಯೋಗಿಕ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಒಂದೇ ನಿಲಯದಲ್ಲಿ ವಾಸಿಸುತ್ತಿದ್ದರು. ಅಧ್ಯಾಪಕರ ಕೋಣೆಗಳೂ ಅದೇ ಕಟ್ಟಡದಲ್ಲಿದ್ದವು. ಮೊದಲ ವರ್ಷ ಪ್ರಾಚೀನ ಅಥೆನ್ಸ್, ಎರಡನೆಯ ವರ್ಷ ಆಧುನಿಕ ಅಮೆರಿಕ: ಇದೇ ಪಾಠ. ಐದು ವರ್ಷಗಳಲ್ಲಿ, 1932ರಲ್ಲಿ, ಆ ಕಾಲೇಜು ಮುಚ್ಚಿಹೋಯಿತು. ಆದರೂ ಇಂದಿನ ಕೂಟಗಳವರು ಅದನ್ನು ತಮ್ಮ ಮೂಲಪುರುಷನ ಕಾಣಿಕೆಯೆಂದು ನೆನೆಯುತ್ತಾರೆ.

ಬಸವನಗುಡಿಯಲ್ಲಿ ಇದೇ ಪ್ರಯೋಗ ಯಾವ ಯೋಜನೆಯ ಹೆಸರೂ ಇಲ್ಲದೆ ಅರ್ಧ ಶತಮಾನಕ್ಕೂ ಮೇಲ್ಪಟ್ಟು ನಡೆಯಿತು. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಒಬ್ಬ ಹುಡುಗ ಬಸ್ಸಿಗೆ ಕಾಸಿಲ್ಲದೆ ಸುಮಾರು 80 ಕಿಲೋಮೀಟರು ದೂರವನ್ನು ನಡೆದೇ ಕ್ರಮಿಸಿ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಬಂದ. ಕೂಲಿ ಮಾಡುತ್ತಿದ್ದ ತಾಯಿಯ ಮಗ. ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಅವನಿಗೆ ಆಶ್ರಯ ದೊರೆಯಿತು. ಆ ಹುಡುಗನೇ ಡಾ. ಎಚ್. ನರಸಿಂಹಯ್ಯ. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಮರಳಿ ಬಂದು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, 1945ರಲ್ಲಿ ಆರಂಭವಾಗಿದ್ದ ನ್ಯಾಷನಲ್ ಕಾಲೇಜಿಗೆ 1946ರಲ್ಲಿ ಅಧ್ಯಾಪಕರಾಗಿ ಸೇರಿದರು.

ಕೆಲಸ ಸಿಕ್ಕಿದ ಮೇಲೆ ಮನೆ ಮಾಡುವುದು ಲೋಕರೂಢಿ. ನರಸಿಂಹಯ್ಯನವರು ಮನೆ ಮಾಡಲಿಲ್ಲ, ಮದುವೆಯಾಗಲಿಲ್ಲ; ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ನೆಲೆಸಿದರು. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದಿಂದ 1960ರಲ್ಲಿ ಪಿಎಚ್.ಡಿ. ಪಡೆದು ಮರಳಿದ್ದೂ ಆ ಹಾಸ್ಟೆಲ್ಲಿಗೇ. ಪ್ರಾಂಶುಪಾಲರಾದಾಗಲೂ, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದಾಗಲೂ, 1984ರಲ್ಲಿ ಪದ್ಮಭೂಷಣ ಬಂದಾಗಲೂ ವಿಳಾಸ ಬದಲಾಗಲಿಲ್ಲ. 2005ರ ಜನವರಿ 31ರಂದು ನಿಧನರಾಗುವವರೆಗೆ ಅವರು ಹಾಸ್ಟೆಲ್ಲಿನವರೇ. ಅವರ ಆತ್ಮಕಥೆ ‘ಹೋರಾಟದ ಹಾದಿ’ಯನ್ನು ಓದಿದವರಿಗೆ ಈ ಬದುಕಿನ ಸರಳತೆ ಪರಿಚಿತ.

ಇದರ ಮಹತ್ವವನ್ನು ಕೇವಲ ತ್ಯಾಗವೆಂದು ಹೊಗಳಿ ಮುಗಿಸಿಬಿಡುವುದು ನಮ್ಮ ರೂಢಿ. ಶಿಕ್ಷಣದ ದೃಷ್ಟಿಯಿಂದ ನೋಡಿದರೆ ಇದರ ಅರ್ಥ ಬೇರೆಯೇ ಇದೆ. ಹಳ್ಳಿಯಿಂದ ಬಂದ ಮೊದಲ ವರ್ಷದ ಹುಡುಗ ಬೆಳಿಗ್ಗೆ ಎದ್ದು ಹೊರಬಂದರೆ ಪ್ರಾಂಶುಪಾಲರು ಖಾದಿ ಪಂಚೆ-ಜುಬ್ಬದಲ್ಲಿ ಎದುರಿಗೆ ಕಾಣುತ್ತಾರೆ. ವಿದ್ಯೆಯೆಂಬುದು ಗಂಟೆ ಬಾರಿಸಿದೊಡನೆ ಎದ್ದುಹೋಗುವ ವಸ್ತುವಲ್ಲವೆಂದು ಅವನಿಗೆ ಯಾರೂ ಬೇರೆಯಾಗಿ ಬೋಧಿಸಬೇಕಿಲ್ಲ. 1962ರಲ್ಲಿ ನರಸಿಂಹಯ್ಯನವರು ಸ್ಥಾಪಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳಿಗೆ ನಾಡಿನ ದೊಡ್ಡ ವಿಜ್ಞಾನಿಗಳು ಬರುತ್ತಿದ್ದರು. ಅವರನ್ನು ಕೇಳಲು ಹಾಸ್ಟೆಲ್ಲಿನ ಹುಡುಗ ನಾಲ್ಕು ಹೆಜ್ಜೆ ನಡೆದರೆ ಸಾಕಿತ್ತು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಊರಿಗೆಲ್ಲ ಹೇಳುತ್ತಿದ್ದ ವ್ಯಕ್ತಿ ತನ್ನ ನೆರೆಯ ಕೋಣೆಯಲ್ಲಿಯೇ ಇದ್ದರೆ, ಪ್ರಶ್ನೆ ಕೇಳುವ ಭಯ ಎಷ್ಟು ದಿನ ಉಳಿದೀತು?

ಇಂದು ಕೇಳಬೇಕಾದ ಪ್ರಶ್ನೆ

ಇಂದು ಬೆಂಗಳೂರಿಗೆ ಬರುವ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಇಳಿದುಕೊಳ್ಳುವುದು ‘ಪಿ.ಜಿ.’ಗಳಲ್ಲಿ. ಮಂಚವಿದೆ, ವೈಫೈ ಇದೆ, ಹೊತ್ತಿಗೆ ತಿಂಡಿಯೂ ಇದೆ. ಪಕ್ಕದ ಮಂಚದವನು ಯಾರೆಂದು ತಿಳಿಯುವ ಮೊದಲೇ ಅವನು ಖಾಲಿ ಮಾಡಿ ಹೋಗಿರುತ್ತಾನೆ. ಇತ್ತ ಹಾಸ್ಟೆಲುಗಳಲ್ಲಿ ಹಿರಿಯರ ಸಲುಗೆ ರ್ಯಾಗಿಂಗ್ ಎಂಬ ಕ್ರೌರ್ಯವಾಗಿ ಕೆಟ್ಟು, ಪ್ರಾಣಗಳೂ ಹೋದವು. ಆದ್ದರಿಂದ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2009ರ ನಿಯಮಾವಳಿಯಲ್ಲಿ ಹೊಸ ವಿದ್ಯಾರ್ಥಿಗಳನ್ನು ಸಾಧ್ಯವಾದಷ್ಟೂ ಪ್ರತ್ಯೇಕ ವಿಭಾಗದಲ್ಲಿ ಇರಿಸಬೇಕೆಂದು ವಿಧಿಸಿತು. ನಿಯಮ ಅವಶ್ಯಕವೇ. ಆದರೆ ಕಿರಿಯನನ್ನು ಪೀಡಿಸುವ ಹಿರಿಯನನ್ನು ದೂರವಿಟ್ಟಾಗ, ಲೆಕ್ಕ ಹೇಳಿಕೊಡುತ್ತಿದ್ದ ‘ಅಣ್ಣ’ನೂ ಗೋಡೆಯ ಆಚೆಗೆ ಉಳಿದ. ತೆರವಾದ ಆ ಸ್ಥಾನವನ್ನು ಯಾರು ತುಂಬಬೇಕು? 2019ರಲ್ಲಿ ಅದೇ ಆಯೋಗ ‘ದೀಕ್ಷಾರಂಭ’ವೆಂಬ ಹೆಸರಿನಲ್ಲಿ ಹೊಸಬರನ್ನು ಬರಮಾಡಿಕೊಳ್ಳುವ ಕಾರ್ಯಕ್ರಮವನ್ನು ಸೂಚಿಸಿತು. ಕೆಲವು ದಿನಗಳ ದೀಕ್ಷೆ ಒಳ್ಳೆಯದೇ. ವರ್ಷವಿಡೀ ಜೊತೆಗಿರುವ ಮನುಷ್ಯನಿಗೆ ಅದು ಬದಲಿಯಾಗಲಾರದು.

ಇತಿಹಾಸದಿಂದ ತಿಳಿಯುವುದಿಷ್ಟು. ತೋಟದಪ್ಪನವರಂಥವರು ಅನ್ನವಿಟ್ಟರು. ಸಂಘಗಳು ಸೂರು ಕಟ್ಟಿದವು. ಗೋಪಾಲಸ್ವಾಮಿ ಅಯ್ಯರ್ ಅವರಂಥವರು ಬಾಗಿಲೇ ಇಲ್ಲದವರಿಗೆ ಬಾಗಿಲು ತೆರೆದರು. ಅರಸು ಅವರ ಕಾಲದಲ್ಲಿ ಪಂಕ್ತಿ ಅಗಲವಾಯಿತು. ನರಸಿಂಹಯ್ಯನವರು ಪಂಕ್ತಿಯ ಪಕ್ಕದಲ್ಲಿ ಮೇಷ್ಟರೊಬ್ಬರು ಬದುಕಬಹುದೆಂದು ತೋರಿಸಿದರು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಸೂರಿನ ಕೆಳಗೆ ನಡೆದ ಈ ಕೆಲಸಗಳನ್ನು ಒಂದೇ ಸೂರಿನಡಿ ತರುವುದೇ ಉಳಿದಿರುವ ಕಾರ್ಯ. ಅಮೆರಿಕದವರು ಹೊಸ ಹೆಸರಿಟ್ಟು ಕಟ್ಟುತ್ತಿರುವ ಕೂಟಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ನಮ್ಮ ಬಳಿಯಲ್ಲಿಯೇ ಇದೆ, ಚದುರಿ ಬಿದ್ದಿದೆ ಅಷ್ಟೆ.

ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವ ತಂದೆತಾಯಿಗಳು ಹಾಸ್ಟೆಲ್ಲನ್ನು ನೋಡಲು ಹೋದಾಗ ಬಿಸಿನೀರು ಬರುತ್ತದೆಯೇ, ಕಾವಲಿನವನು ಇದ್ದಾನೆಯೇ ಎಂದು ವಿಚಾರಿಸುತ್ತಾರೆ. ವಿಚಾರಿಸಬೇಕಾದದ್ದೇ. ಅದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಲಿ: ಊಟಕ್ಕೆ ಕುಳಿತಾಗ ನನ್ನ ಮಗುವಿನ ಎಡಬಲದಲ್ಲಿ ಯಾವ ಯಾವ ಮನೆಗಳಿಂದ ಬಂದವರು ಕುಳಿತಿರುತ್ತಾರೆ? ರಾತ್ರಿ ಒಂಬತ್ತರ ಮೇಲೆ ಒಂದು ಲೆಕ್ಕ ಬರದಿದ್ದರೆ, ಅಥವಾ ಊರು ನೆನಪಾಗಿ ಅಳು ಬಂದರೆ, ಅದು ಯಾರ ಬಾಗಿಲು ತಟ್ಟಬಹುದು? ಇವೆರಡಕ್ಕೂ ಸರಿಯಾದ ಉತ್ತರವಿರುವ ನಿಲಯದಲ್ಲಿ ಮಂಚ ಹಳೆಯದಾಗಿದ್ದರೂ ಚಿಂತೆಯಿಲ್ಲ. ಮಗುವನ್ನು ಧೈರ್ಯವಾಗಿ ಬಿಟ್ಟು ಬರಬಹುದು.